ಶುಕ್ರವಾರದೊಳಗೆ

ಹಳದಿ ಹಾಳೆ. ಎರಡು ಚೌಕ.
ಒಂದರ ಪಕ್ಕ ಸ್ಟ್ಯಾಂಡರ್ಡ್ ಇಂಗ್ಲಿಷ್,
ಇನ್ನೊಂದರ ಪಕ್ಕ ಅಡ್ವಾನ್ಸ್ಡ್.
ಶುಕ್ರವಾರದೊಳಗೆ ಟಿಕ್ ಹಾಕಿ ಕೊಡಬೇಕು.
ಇವತ್ತು ಬುಧವಾರ, ಅದೂ ರಾತ್ರಿ.

ಊರ ಹೆಸರು ಈಡನ್.
ಹೌದು, ಹಾವಿನ ಜೋಕು, ಹಣ್ಣಿನ ಜೋಕು
ಎಲ್ಲ ಕೇಳಿ ಸಾಕಾಗಿದೆ.
ಇಲ್ಲಿರುವುದು ಒಂದು ಕೊಲ್ಲಿ, ಒಂದು ಜೆಟ್ಟಿ,
ಚಳಿ ಇಳಿದರೆ ತಿಮಿಂಗಿಲ ನೋಡಲು ಬರುವ ಬಸ್ಸುಗಳು,
ಕಪ್ಪೆಚಿಪ್ಪು ತೊಳೆಯುವ ತಗಡಿನ ಶೆಡ್ಡಿನಲ್ಲಿ
ನಸುಕಿನ ಐದಕ್ಕೇ ನಿಲ್ಲುವ ನನ್ನ ಅಮ್ಮ.

ಜೋರ್ಜಾ ಆಗಲೇ ಸ್ಟ್ಯಾಂಡರ್ಡಿಗೆ ಟಿಕ್ ಹಾಕಿದಳು,
ಪೆನ್ನಿನಲ್ಲಿ, ಗಮ್ ಜಗಿಯುತ್ತ, ಒಂದೇ ಗೀಟು.
"ನರ್ಸಿಂಗಿಗೆ ಅಷ್ಟು ಸಾಕು ಕಣೇ.
ಸುಮ್ಮನೆ ಮೈಮೇಲೆ ಎಳಕೊಂಡು ಯಾಕೆ ಅಳ್ತೀಯ?"
ನಾವು ಒಂದೇ ಬೆಂಚಿನವರು, ಮೂರನೇ ಕ್ಲಾಸಿನಿಂದ.
ಅಡ್ವಾನ್ಸ್ಡ್ ಕೋಣೆಯಲ್ಲಿ
ನನ್ನ ಪಕ್ಕೆ ತಿವಿಯಲು ಅವಳ ಮೊಣಕೈ ಇರುವುದಿಲ್ಲ.
ಇದನ್ನು ಬರೆಯಲು ಹಾಳೆಯಲ್ಲಿ ಜಾಗ ಬಿಟ್ಟಿಲ್ಲ.

ಸಲಹೆ ಕೊಡುವ ಡ್ರಿಸ್ಕಾಲ್ ಸರ್ ಲೆಕ್ಕ ಹಾಕಿ ತೋರಿಸಿದರು:
ಇಲ್ಲಿ ಎಂಬತ್ತು ಬಂದರೆ ಹೀಗೆ,
ಅಲ್ಲಿ ಎಪ್ಪತ್ತು ಬಂದರೆ ಹಾಗೆ.
ಅವರ ಪೆನ್ಸಿಲ್ಲು ಏರಿತು, ಇಳಿಯಿತು,
ಕೊನೆಗೆ, "ನಿನ್ನ ಮನಸ್ಸು ಏನನ್ನುತ್ತೆ, ಟೀಗನ್?"
ಮನಸ್ಸು ಗಡಿಯಾರ ನೋಡುತ್ತಿತ್ತು.
ಬಸ್ಸು ಮೂರು ಇಪ್ಪತ್ತಕ್ಕೆ.

"ಕವಿತೆ ಬಗ್ಗೆ ಬರೆಯೋಕೆ ಎರಡು ವರ್ಷಾನಾ?"
ಅಂದ ಅಣ್ಣ ರೋವನ್, ಟೋಸ್ಟಿಗೆ ಬೆಣ್ಣೆ ಮೆತ್ತುತ್ತ.
ಹತ್ತನೆಯದಕ್ಕೇ ಶಾಲೆ ಬಿಟ್ಟು ಟ್ರಾಲರ್ ಹತ್ತಿದವನು.
ಹೋದವನು ಬಾಗಿಲಲ್ಲಿ ನಿಂತು ಬೇರೆ ದನಿಯಲ್ಲಿ ಕೇಳಿದ:
"ತುಂಬಾ ಕಷ್ಟ ಇರುತ್ತಾ?"
ಉತ್ತರ ಬೇಕಿರಲಿಲ್ಲ ಅವನಿಗೆ,
ಬೂಟು ಹುಡುಕುತ್ತಿದ್ದ.

ಮಾರ್ಚಿನಲ್ಲಿ ಒಂದು ದಿನ
ಅಬರ್ನೆಥಿ ಮೇಡಂ ಓದಿದ್ದು ಒಂದು ಪುಟ್ಟ ಪದ್ಯ:
ಇಲ್ಲದ ಗಂಡನ ಬೂಟುಗಳನ್ನು
ದಿನವೂ ಒರೆಸಿ ಹೊಸಿಲಲ್ಲಿಡುವ ಒಬ್ಬಳು.
"ಯಾಕೆ ಒರೆಸುತ್ತಾಳೆ?"
ಕೈಗಳು ಎದ್ದವು. ನೆನಪು ಅಂದರು, ಪ್ರೀತಿ ಅಂದರು,
ಮುಂದಿನ ಸಾಲಿನವನೊಬ್ಬ ಸಂಕೇತ ಅಂದ.
"ಟೀಗನ್, ನೀನು?"

ನಮ್ಮ ಬಟ್ಟೆ ಒಗೆಯುವ ಕೋಣೆಯ ಮೊಳೆಯಲ್ಲಿ
ಅಪ್ಪನ ಹಳದಿ ಮಳೆಯಂಗಿ ಇನ್ನೂ ತೂಗುತ್ತಿದೆ.
ಅಪ್ಪ ಸತ್ತಿಲ್ಲ, ಡಾರ್ವಿನ್‌ನಲ್ಲಿದ್ದಾನೆ,
ಅವನಿಗೊಂದು ಹೊಸ ನಾಯಿಮರಿ ಕೂಡ ಇದೆ.
ಆದರೂ ಅಮ್ಮ ಭಾನುವಾರಗಳಲ್ಲಿ
ಆ ಅಂಗಿಯ ಉಪ್ಪು ಒರೆಸುತ್ತಾಳೆ,
ಒರೆಸುತ್ತಿರುವುದು ತನಗೇ ಗೊತ್ತಿಲ್ಲದ ಹಾಗೆ.
ನಾನು ಬಾಯಿ ತೆರೆಯಲಿಲ್ಲ.
ಪೀರಿಯಡ್ ಮುಗಿಯುವವರೆಗೂ ತೆರೆಯಲಿಲ್ಲ.

ಪ್ರಗತಿಪತ್ರದಲ್ಲಿ ಬಂತು:
'ತರಗತಿಯಲ್ಲಿ ಇನ್ನಷ್ಟು ಮಾತಾಡಬೇಕು.'
ಕೆಳಗೆ, ಬೇರೆ ಶಾಯಿಯಲ್ಲಿ,
ಆಮೇಲೆ ನೆನಪಾಗಿ ಬರೆದಂತೆ:
'ಅಡ್ವಾನ್ಸ್ಡ್‌ಗೆ ನನ್ನ ಶಿಫಾರಸು.'

ಶನಿವಾರ ಶೆಡ್ಡಿಗೆ ಹೋಗಿದ್ದೆ, ಗಂಟೆಗೆ ಹದಿನಾಲ್ಕು ಡಾಲರ್.
ರಬ್ಬರ್ ಗ್ಲವ್ಸಿನೊಳಗೂ ಬೆರಳು ಮರಗಟ್ಟುವ ನೀರು.
ಬಾಯಿ ಬಿಟ್ಟ ಚಿಪ್ಪೊಂದನ್ನೆತ್ತಿ
ಅಮ್ಮ ಮೇಜಿನಂಚಿಗೆ ಬಡಿದಳು, ಟಕ್.
ಕಾದೆವು.
ಅದು ನಿಧಾನಕ್ಕೆ, ಬೇಸರದಿಂದೆಂಬಂತೆ, ಮುಚ್ಚಿಕೊಂಡಿತು.
"ಇದು ಬದುಕಿದೆ," ಬುಟ್ಟಿಗೆ ಹಾಕಿದಳು.
ಇನ್ನೊಂದು, ಟಕ್. ಆಕಳಿಸಿಕೊಂಡೇ ಇತ್ತು.
"ಇದು ಹೋಯ್ತು."
ಸಾವಿರ ಸಲ ಬಡಿದಿರಬೇಕು ಆ ಬೆಳಿಗ್ಗೆ.
ನನಗೆ ಮಾರ್ಚ್ ನೆನಪಾದದ್ದು ಎಷ್ಟನೆಯದಕ್ಕೋ.

ಈಗ ಅಮ್ಮ, ಕನ್ನಡಕ ಹಾಕದೆ,
ಹಾಳೆಯ ತಳದಲ್ಲಿ ಸಹಿ ಮಾಡಿಬಿಟ್ಟಿದ್ದಾಳೆ.
ಚೌಕಗಳೆರಡೂ ಖಾಲಿ.
"ಸಹಿ ನನ್ನದು, ಟಿಕ್ ನಿನ್ನದು," ಅಂದು ಮಲಗಿದಳು.
ಮೂಲೆಯಲ್ಲಿ ಅವಳ ಹೆಬ್ಬೆರಳಿನ ಒದ್ದೆ,
ಸೋಪಿಗೂ ಹೋಗದ ಕಡಲ ವಾಸನೆ.

ಜೋರ್ಜಾಗೆ ಏನು ಹೇಳಲಿ, ಗೊತ್ತಿಲ್ಲ.
ಎಪ್ಪತ್ತು ಬರುತ್ತದೋ, ಅದೂ ಗೊತ್ತಿಲ್ಲ.
ಪೆನ್ಸಿಲ್ಲನ್ನು ತಿರುಗಿಸಿ ಹಿಡಿದು
ಅಡ್ವಾನ್ಸ್ಡ್ ಪಕ್ಕದ ಚೌಕವನ್ನು
ಒಮ್ಮೆ ಬಡಿದೆ, ಟಕ್,
ಕಾದೆ.